ಗಿಂಡಿ ದೀಪ

ಎಣ್ಣೆಯ ಲೆಕ್ಕ ನಮ್ಮ ಮನೆಯಲ್ಲಿ ಮೊದಲಿನಿಂದಲೂ ನನ್ನದೇ. ತಿಂಗಳಿಗೆ ಕುಸುಬೆ ಎಣ್ಣೆ ಎಷ್ಟು, ಶೇಂಗಾ ಎಣ್ಣೆ ಎಷ್ಟು, ದೇವರ ದೀಪಕ್ಕೆಷ್ಟು, ಅತ್ತೆಯವರ ಮೊಳಕಾಲಿಗೆ ತಿಕ್ಕುವ ಹರಳೆಣ್ಣೆ ಎಷ್ಟು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎಣ್ಣೆ ಹೆಚ್ಚಾದರೆ ಬೈಯುವವರು ಮನೆಯ ತುಂಬ ಇದ್ದಾರೆ. ಕಡಿಮೆಯಾದರೆ ಬೈಯುವವರು ಅದಕ್ಕಿಂತ ಹೆಚ್ಚು. ಆದರೆ ಇವರೆಲ್ಲರಿಗೂ ಬಾಯಿದೆ. ಬಾಯಿಲ್ಲದ ಒಂದು ಜೀವ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿತ್ತು. ಅದರ ಎಣ್ಣೆಯ ಲೆಕ್ಕವೂ ನನ್ನ ತಲೆಗೇ ಬಂತು.

ನಮ್ಮದು 2004ರ ಮಾರುತಿ 800. ಈಗಿನ ಹುಡುಗರಿಗೆ ಅದರ ಹೆಸರು ಹೇಳಿದರೆ ನಗು ಬರುತ್ತದೆ. 1983ರ ಡಿಸೆಂಬರಿನಲ್ಲಿ ಅದು ಮೊದಲು ಬಂದಾಗ ನಾನಿನ್ನೂ ಚಿಕ್ಕ ಹುಡುಗಿ. ಊರಿಗೆ ಒಂದು ಬಂದರೆ ಅದರ ಹಿಂದೆ ಓಡುತ್ತಿದ್ದೆವು. 2014ರಲ್ಲಿ ಕಂಪನಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿತು. ನಾವು ಕೊಂಡದ್ದು ಅದಾದ ಎರಡು ವರ್ಷಕ್ಕೆ, ಸಂಬಂಧಿಕರೊಬ್ಬರಿಂದ, ಹಳೆಯದನ್ನು. ಎಲ್ಲರೂ ಬಿಟ್ಟ ಮೇಲೆ ನಾವು ಹಿಡಿಯುವುದು ನಮ್ಮ ಮನೆತನದ ಪದ್ಧತಿ. ನಮ್ಮವರಿಗೆ ಗಾಡಿ ನಡೆಸಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ನಾನು ನಲವತ್ತಾರನೇ ವಯಸ್ಸಿನಲ್ಲಿ ಕಲಿತೆ. ಶಾಲೆಯ ಮೈದಾನದಲ್ಲಿ ನಾನು ರಿವರ್ಸ್ ಕಲಿಯುವಾಗ ಎಂಟನೇ ತರಗತಿಯ ಮಕ್ಕಳು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಪಾಠದಲ್ಲಿ ಅಷ್ಟು ಏಕಾಗ್ರತೆಯನ್ನು ಅವರಲ್ಲಿ ನಾನು ಕಂಡದ್ದಿಲ್ಲ.

ಕಾರಿಗೆ ಹದಿನೈದು ವರ್ಷ ತುಂಬಿದಾಗ, 2019ರಲ್ಲಿ, ನೋಂದಣಿಯನ್ನು ಐದು ವರ್ಷಕ್ಕೆ ಮುಂದುವರಿಸಿದೆವು. ಆಗ ಅದರ ಶುಲ್ಕ ಆರುನೂರು ರೂಪಾಯಿ. 2022ರ ಏಪ್ರಿಲ್‌ನಿಂದ ಅದು ಐದು ಸಾವಿರವಾಯಿತು. 2024ರಲ್ಲಿ ಎರಡನೇ ಸಲ ಹೋದಾಗ ಐದು ಸಾವಿರ ಕೊಟ್ಟು ಬಂದೆ. "ಇದಕ್ಕ ಇಷ್ಟು ರೊಕ್ಕ ಯಾಕ ಹಾಕ್ತಿ, ಗುಜರಿಗೆ ಕೊಡು" ಎಂದವರು ಒಬ್ಬಿಬ್ಬರಲ್ಲ. ಕೊಡುತ್ತಿದ್ದೆನೋ ಏನೋ. ಆದರೆ ಆ ವರ್ಷವೇ ಅತ್ತೆಯವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಸಿಂಧನೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಶನಿವಾರ ಬೆಳಗಿನ ಶಾಲೆ, ಮುಗಿಸಿ ಹೊರಟರೆ ಸಾಕು. ಬುಧವಾರ ಸಿಕ್ಕದ್ದು ಸಂಜೆಯ ಪಾಳಿ. ನಾಲ್ಕು ತಾಸು ಯಂತ್ರದ ಮುಂದೆ, ಆಮೇಲೆ ಅವರನ್ನು ಎಬ್ಬಿಸಿ ಕೂಡಿಸಿ, ಬಿ.ಪಿ. ನೋಡಿಸಿ ಹೊರಡುವಷ್ಟರಲ್ಲಿ ರಾತ್ರಿ ಹತ್ತು ದಾಟಿರುತ್ತದೆ. ಡಯಾಲಿಸಿಸ್ ಆದ ಮುದುಕಿಯನ್ನು ಆ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಳ್ಳಲು ಬರುವುದಿಲ್ಲ. ಸಿಂಧನೂರಿನಿಂದ ಮಸ್ಕಿಗೆ ಅರ್ಧ ತಾಸಿನ ದಾರಿ. ಹಗಲು ನೋಡಿದರೆ ಕಾಲುವೆ ನೀರಿನ ಭತ್ತದ ಗದ್ದೆಗಳು ಕಣ್ಣಿಗೆ ತಂಪು. ರಾತ್ರಿ ಅದೇ ದಾರಿಯಲ್ಲಿ ಲಾರಿಗಳ ದೀಪ ಬಿಟ್ಟರೆ ಬರೀ ಕತ್ತಲು. ಆ ಕತ್ತಲಿನಲ್ಲಿ ನಮ್ಮ ಭಾರವೆಲ್ಲ ಈ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನಿನ ಮೇಲೆ.

2025ರ ಮಾರ್ಚಿನ ಒಂದು ಬುಧವಾರ ಆ ಎಂಜಿನ್ ಮಾತಾಡಿತು.

ಸಿಂಧನೂರಿನ ಸರ್ಕಲ್ಲಿನಲ್ಲಿ ಭತ್ತದ ಲಾರಿಯೊಂದಕ್ಕೆ ದಾರಿ ಬಿಟ್ಟು ನಿಂತಿದ್ದೆ. ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಮಿಣುಕಿತು. ಆಕ್ಸಿಲೇಟರ್ ಒತ್ತಿದರೆ ಆರಿತು, ಬಿಟ್ಟರೆ ಮತ್ತೆ ಮಿಣುಕಿತು. ನೀವು ಕಾರಿನಲ್ಲಿ ಕೂತವರಾದರೆ ಆ ಚಿತ್ರವನ್ನು ಕಂಡಿರುತ್ತೀರಿ. ಮೂತಿ ಚಾಚಿದ ಒಂದು ಪಾತ್ರೆ, ಮೂತಿಯ ತುದಿಯಲ್ಲಿ ಒಂದು ಹನಿ. ನಮ್ಮ ಪೂಜೆಯ ಗಿಂಡಿಯೇ. ನಮ್ಮ ಮನೆಯಲ್ಲಿ ಅದರ ಹೆಸರು ಗಿಂಡಿ ದೀಪವೆಂದೇ ಆಗಿಹೋಯಿತು. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಿದೆ. ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಟೀಚರಿಗೆ ಪಠ್ಯಪುಸ್ತಕ ಕಂಡರೆ ಬಿಡುವುದಾಗುವುದಿಲ್ಲ. ಈ ದೀಪ ಓಡುವಾಗ ಹತ್ತಿದರೆ ನಿಲ್ಲಿಸು, ಎಣ್ಣೆಯ ಮಟ್ಟ ನೋಡು ಎಂಬುದು ಅದರ ಪಾಠ. ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದು ಸೀರೆಯ ಸೆರಗಿಗೆ ತಾಗದಂತೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ಟಾರ್ಚಿನಲ್ಲಿ ನೋಡಿದೆ. ಎರಡು ಗೆರೆಗಳ ನಡುವೆ, ಮೇಲಿನ ಗೆರೆಯ ಸಮೀಪವೇ ಎಣ್ಣೆ ಇತ್ತು. ಹಿಂದಿನ ಸೀಟಿನಿಂದ ಅತ್ತೆ ಕೇಳಿದರು, "ಎಣ್ಣಿ ಐತೇನವ್ವಾ?" ಐತಿ ಎಂದೆ. "ಮತ್ಯಾಕ ಅಳತೈತಿ?"

ಆ ರಾತ್ರಿ ಆಸ್ಪತ್ರೆಯ ಬಳಿಯ ಬಾಡಿಗೆ ಗಾಡಿಯವನನ್ನು ಕರೆಸಿ ಮನೆ ಸೇರಿದೆವು. ಅತ್ತೆಯ ಪ್ರಶ್ನೆ ಮಾತ್ರ ಇಡೀ ತಿಂಗಳು ನನ್ನನ್ನು ಬಿಡಲಿಲ್ಲ. ಎಣ್ಣೆ ಇದ್ದೂ ಅಳುವುದೇಕೆ?

ಆ ದೀಪ ಎಣ್ಣೆ ಎಷ್ಟಿದೆ ಎಂದು ಹೇಳುವ ದೀಪವೇ ಅಲ್ಲ. ಎಣ್ಣೆ ಎಷ್ಟು ಒತ್ತಡದಿಂದ ಮುಟ್ಟುತ್ತಿದೆ ಎಂದು ಹೇಳುವ ದೀಪ. ಎಂಜಿನ್ನಿನ ಕೆಳಗೆ ತಟ್ಟೆಯಂಥ ಒಂದು ಚೇಂಬರು. ಅದರಲ್ಲಿ ನಮ್ಮ ಕಾರಿಗಾದರೆ ಮೂರು ಲೀಟರಿಗೂ ಕಡಿಮೆ ಎಣ್ಣೆ. ಜಾಲರಿಯ ಮೂಲಕ ಪಂಪು ಅದನ್ನು ಹೀರಿ, ಫಿಲ್ಟರಿನಲ್ಲಿ ಹಾಯಿಸಿ, ಸಣ್ಣ ಸಣ್ಣ ದಾರಿಗಳಲ್ಲಿ ಬೇರಿಂಗುಗಳಿಗೂ ಮೇಲಿನ ಕ್ಯಾಮಿಗೂ ಒತ್ತಿ ಕಳಿಸುತ್ತದೆ. ತಿರುಗುವ ಕ್ರ್ಯಾಂಕಿಗೂ ಅದನ್ನು ತಬ್ಬಿದ ಬೇರಿಂಗಿಗೂ ನಡುವೆ ಇರುವ ಸಂದು ಒಂದು ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಆ ಸಂದಿನಲ್ಲಿ ಎಣ್ಣೆಯ ಪೊರೆ ನಿಂತಿರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಪೊರೆ ಹರಿದರೆ ಮುಗಿಯಿತು, ನಿಮಿಷಗಳ ಲೆಕ್ಕ. ಒತ್ತಡ ತೀರ ಕೆಳಕ್ಕೆ, ಅಂದರೆ ಐದಾರು ಪೌಂಡಿಗೆ ಇಳಿದಾಗ ಎಂಜಿನ್ನಿನ ಪಕ್ಕೆಗೆ ತಿರುಪಿದ ಒಂದು ಸಣ್ಣ ಸ್ವಿಚ್ಚು ಈ ದೀಪ ಹೊತ್ತಿಸುತ್ತದೆ. ನಾವು ಟೈರಿಗೆ ಮೂವತ್ತು ಪೌಂಡು ಗಾಳಿ ಹಾಕಿಸುತ್ತೇವಲ್ಲ, ಅದೇ ಪೌಂಡು. ದೀಪ ಹತ್ತಿತೆಂದರೆ ಮೊದಲ ಎಚ್ಚರಿಕೆಯಲ್ಲ, ಬಹುಶಃ ಕೊನೆಯದು.

ಇದನ್ನೆಲ್ಲ ನಾನು ಅತ್ತೆಗೆ ಹೇಳಿದಾಗ ಅವರಿಗೆ ಹೊಸದೇನೂ ಅನಿಸಲಿಲ್ಲ. ಅವರು ಬಂಡಿಯ ಕಾಲದವರು. ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಮನೆಯಲ್ಲೇ ಮಾಡುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ತೂಗಿಬಿಡುವುದು. "ಗಾಲಿ ಕಿರ್ರ್ ಅಂದ್ರ ಎತ್ತಿಗೆ ಭಾರ ಬೀಳತೈತಿ. ಕೀಲೆಣ್ಣಿ ಇಲ್ಲದ ಬಂಡಿ ಹೂಡಿದ್ರ ನಿಮ್ಮ ಮಾವ ಬೈತಿದ್ರು" ಎಂದರು. ಹರಳೆಣ್ಣೆ ಬರೀ ನಮ್ಮ ಬಂಡಿಯ ಎಣ್ಣೆಯಲ್ಲ. ಮೊದಲನೇ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನುಗಳು ಹರಳೆಣ್ಣೆಯಲ್ಲೇ ತಿರುಗಿದವು. ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬವರ ಕಂಪನಿ ತನ್ನ ಎಣ್ಣೆಗೆ ಹರಳೆಣ್ಣೆ ಬೆರೆಸಿ, ಅದರ ಇಂಗ್ಲಿಷ್ ಹೆಸರಿನಿಂದಲೇ 'ಕ್ಯಾಸ್ಟ್ರಾಲ್' ಎಂದು ಹೆಸರಿಟ್ಟಿತು. ನಮ್ಮ ಪೇಟೆಯ ಅಂಗಡಿಯ ಡಬ್ಬಿಯ ಮೇಲಿನ ಆ ಹೆಸರಿನ ಹಿಂದೆ ಅತ್ತೆಯ ಕೀಲೆಣ್ಣೆಯ ಬಂಧುವೇ ಇದ್ದಾನೆ ಎಂದಾಗ ಅವರು ನಕ್ಕದ್ದು ಆ ವಾರದ ನನ್ನ ಸಂಬಳ.

ಇನ್ನು ಗ್ಯಾರೇಜಿನ ಪುರಾಣ.

ಮೊದಲು ಹೋದ ಗ್ಯಾರೇಜಿನ ಹುಡುಗ ಬಾನೆಟ್ ಎತ್ತುವ ಮೊದಲೇ ಹೇಳಿಬಿಟ್ಟ. "ಸೆನ್ಸಾರ್ ಹೋಗೇತ್ರಿ ಅಕ್ಕೋರೆ." ಆ ಸಣ್ಣ ಸ್ವಿಚ್ಚಿಗೆ ಅವರು ಸೆನ್ಸಾರ್ ಎನ್ನುತ್ತಾರೆ. ಮುನ್ನೂರು ರೂಪಾಯಿಗೆ ಹೊಸದು ಹಾಕಿದ. ಅವನ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆ ಸ್ವಿಚ್ಚುಗಳು ಕೆಡುತ್ತವೆ, ಅವುಗಳ ಬುಡದಲ್ಲಿ ಎಣ್ಣೆ ಸೋರುತ್ತದೆ, ಸುಳ್ಳು ದೀಪ ಹತ್ತಿಸುವುದೂ ಉಂಟು. ಆದರೆ ಸುಳ್ಳೋ ನಿಜವೋ ನೋಡದೆ ಹೇಳಿದ್ದು ನನಗೆ ಹಿಡಿಸಲಿಲ್ಲ. ಮೂರನೇ ದಿನ, ಮನೆಯ ಮುಂದೆಯೇ, ಎಂಜಿನ್ ಬಿಸಿಯಾದ ಮೇಲೆ ಗಿಂಡಿ ಮತ್ತೆ ಮಿಣುಕಿತು.

ಎರಡನೇ ಸಲ ಅದೇ ಗ್ಯಾರೇಜಿನ ಮಾಲಕರು ಖುದ್ದಾಗಿ ಬಂದರು. ಬಂದವರು ನನ್ನನ್ನು ನೋಡಲಿಲ್ಲ. "ಸಾರ್‌ಗೆ ಫೋನ್ ಹಚ್ಚಿ ಕೊಡ್ರಿ, ಅವರಿಗೆ ಹೇಳ್ತೀನಿ" ಎಂದರು. ಹಚ್ಚಿ ಕೊಟ್ಟೆ. ನಮ್ಮವರು ಆ ಕಡೆಯಿಂದ, "ನನಗ ಗಾಡಿಯಾಗ ಪೆಟ್ರೋಲ್ ಎಲ್ಲಿ ಹಾಕ್ತಾರ ಅನ್ನೋದೂ ಗೊತ್ತಿಲ್ರಿ, ಅಕಿನ್ನೇ ಕೇಳ್ರಿ" ಎಂದದ್ದು ನನಗೂ ಕೇಳಿಸಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಇಷ್ಟು ಎತ್ತರಕ್ಕೆ ಏರಿಸಿದ್ದು ಅದೇ ಮೊದಲು. ಮಾಲಕರು ಅರೆಮನಸ್ಸಿನಿಂದ ನನ್ನ ಕಡೆ ತಿರುಗಿ, ಬೇಸಿಗೆ ಬಂದಿದೆ, ಎಣ್ಣೆ ತೆಳುವಾಗುತ್ತದೆ, ಗಟ್ಟಿ ಎಣ್ಣೆ ಹಾಕಬೇಕು ಎಂದರು. 20ಡಬ್ಲ್ಯೂ-50 ಎಂಬ ಎಣ್ಣೆ ಹಾಕಿದರು.

ಈ ಸಂಖ್ಯೆಗಳಿಗೂ ಅರ್ಥವಿದೆ. ಮೊದಲಿನದು ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂದು ಹೇಳುತ್ತದೆ, ಎರಡನೆಯದು ನೂರು ಡಿಗ್ರಿ ಕಾವಿನಲ್ಲಿ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂದು. ನಮ್ಮ ರಾಯಚೂರು ಜಿಲ್ಲೆಯ ಮೇ ತಿಂಗಳು ನಲವತ್ತು ಡಿಗ್ರಿ ದಾಟುವುದನ್ನು ಬಲ್ಲವರಿಗೆ ಮಾಲಕರ ಮಾತು ಒಪ್ಪುವಂತೆಯೇ ಇದೆ. ಒಂದು ವಾರ ದೀಪ ಹತ್ತಲೂ ಇಲ್ಲ. ಆದರೆ ಗಟ್ಟಿ ಎಣ್ಣೆಯಿಂದ ಒತ್ತಡ ಏರಿದ ಮಾತ್ರಕ್ಕೆ ಸವೆದ ಸಂದು ಕೂಡಿಕೊಳ್ಳುವುದಿಲ್ಲ. ನಲ್ಲಿಯ ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ಚಿಮ್ಮುತ್ತದಲ್ಲ, ಒತ್ತಡ ಹುಟ್ಟುವುದು ಹಾಗೆ, ಅಡ್ಡಿಯಿಂದ. ಪಂಪು ಎಣ್ಣೆ ಕಳಿಸುತ್ತದೆ, ಬೇರಿಂಗಿನ ಬಿಗಿಯಾದ ಸಂದು ಅದನ್ನು ತಡೆಯುತ್ತದೆ. ಸಂದು ದೊಡ್ಡದಾದರೆ ಬೆರಳು ತೆಗೆದಂತೆ. ಪಂಪಿಗೇ ಎಣ್ಣೆ ಸಾಲದೆ ಹೋದರೂ ಒತ್ತಡ ಇಳಿಯುತ್ತದೆ. ಎರಡರಲ್ಲಿ ಯಾವುದು ಎಂದು ಕೇಳಬೇಕಿತ್ತು, ಕೇಳಿದೆ. "ಅದೆಲ್ಲ ನಿಮಗ್ಯಾಕ್ರೀ" ಎಂಬ ಉತ್ತರ ಬಂತು.

ಎಂಟನೇ ದಿನ ಮತ್ತೆ ದೀಪ. ಈ ಸಲ ಬೇರೆ ಗ್ಯಾರೇಜು, ಹೆದ್ದಾರಿಯ ಪಕ್ಕದ್ದು. ಸಂಜೆ ಗಾಡಿ ತರಲು ಹೋದಾಗ ಆ ಮಿಸ್ತ್ರಿ ಸಂತೋಷದಿಂದ, "ಸರಿ ಆಯ್ತ್ರಿ, ಇನ್ನ ಹತ್ತಂಗಿಲ್ಲ" ಎಂದ. ಏನಾಗಿತ್ತು ಎಂದರೆ "ವೈರಿಂಗ್" ಎಂದಷ್ಟೇ ಹೇಳಿದ. ನಾನು ಸೀಟಿನಲ್ಲಿ ಕೂತು ಕೀಲಿ ತಿರುವಿದೆ, ಎಂಜಿನ್ ಶುರು ಮಾಡಲಿಲ್ಲ. ಕೀಲಿ ತಿರುವಿದ ತಕ್ಷಣ ಎಂಜಿನ್ ಶುರುವಾಗುವ ಮೊದಲು ಈ ದೀಪಗಳೆಲ್ಲ ಒಮ್ಮೆ ಹತ್ತಬೇಕು, ಹಾಜರಿ ಕೂಗಿದಾಗ ಮಕ್ಕಳು ಎದ್ದು ನಿಂತಂತೆ. ಬ್ಯಾಟರಿಯ ದೀಪ ಎದ್ದಿತು. ಗಿಂಡಿ ಏಳಲಿಲ್ಲ. ಎಂಜಿನ್ ನಿಂತಾಗ ಎಣ್ಣೆಯ ಒತ್ತಡ ಸೊನ್ನೆ, ಆಗ ಆ ದೀಪ ಹತ್ತಲೇಬೇಕು. ಹತ್ತದಿದ್ದರೆ ದೀಪ ಸುಟ್ಟಿದೆ, ಇಲ್ಲವೇ ತಂತಿ ಇಲ್ಲ. ಬಾನೆಟ್ ಎತ್ತಿಸಿ ತೋರಿಸು ಎಂದೆ. ಸ್ವಿಚ್ಚಿನಿಂದ ತಂತಿ ಕಿತ್ತು, ತುದಿಗೆ ಕರಿ ಟೇಪು ಸುತ್ತಿ, ಬೇರೆ ತಂತಿಗಳ ಜೊತೆ ಮಡಿಚಿ ಕಟ್ಟಿದ್ದ. ಅವನಿಗೆ ನಾಚಿಕೆಯೇನೂ ಆಗಲಿಲ್ಲ. "ನಿಮಗ ದೀಪದ್ದ ತ್ರಾಸ ಇತ್ತಲ್ರೀ" ಎಂದ. ನ್ಯಾಯವಾಗಿ ನೋಡಿದರೆ ಅವನದೂ ಒಂದು ತರ್ಕ. ದೀಪದ ತೊಂದರೆ ಹೇಳಿಕೊಂಡು ಬಂದರು, ದೀಪ ಹೋಯಿತು. ಇಂಥ ತರ್ಕದಿಂದ ನಡೆಯುವ ಮನೆಗಳನ್ನು ನಾನೂ ನೀವೂ ನೋಡಿಲ್ಲವೇ? ಸೊಸೆ ತಲೆನೋವೆಂದರೆ ಮಾತ್ರೆ, ಮತ್ತೊಮ್ಮೆ ಎಂದರೆ ಬೈಗುಳ, ಮೂರನೇ ಸಲಕ್ಕೆ ಅವಳೇ ಹೇಳುವುದನ್ನು ಬಿಟ್ಟಿರುತ್ತಾಳೆ. ಮನೆಯವರಿಗೆ ಸರಿಹೋಯಿತು ಎಂಬ ಸಮಾಧಾನ.

ಅಂದಿನಿಂದ ಕಾರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಾಡಿಗೆ ಗಾಡಿಯಲ್ಲಿ ಓಡಾಡಿದೆವು. ಹೋಗಿ ಬರಲು, ಕಾಯುವುದೂ ಸೇರಿ ಸಾವಿರದ ಇನ್ನೂರು. ವಾರಕ್ಕೆ ಎರಡು ಸಲ. ಡಯಾಲಿಸಿಸ್‌ಗಿಂತ ದಾರಿಯ ಖರ್ಚೇ ದೊಡ್ಡದಾಯಿತು. "ಎರಡರ ಬದಲಿ ಒಂದಾ ಸಲ ಹೋದ್ರ ನಡೆಂಗಿಲ್ಲೇನು?" ಎಂದು ಅತ್ತೆ ಒಂದು ರಾತ್ರಿ ಮೆಲ್ಲಗೆ ಕೇಳಿದರು. ನಾನು ಕೇಳಿಸಲಿಲ್ಲವೆಂಬಂತೆ ಪಾತ್ರೆ ತಿಕ್ಕಿದೆ.

ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ತಾಸು ಕೂತರೆ ನೋಡಲು ಯಂತ್ರವೊಂದೇ. ಅಲ್ಲೂ ಒಂದು ಪಂಪು. ನಿಮಿಷಕ್ಕೆ 250ರಿಂದ 300 ಮಿಲಿ ಲೀಟರು ರಕ್ತವನ್ನು ಎಳೆದು, ಸೋಸಿ, ಹಿಂದಕ್ಕೆ ಕಳಿಸುತ್ತದೆ. ಹೋಗುವ ಒತ್ತಡ, ಬರುವ ಒತ್ತಡ ಎರಡೂ ಪರದೆಯ ಮೇಲೆ. ಹೆಚ್ಚುಕಡಿಮೆಯಾದರೆ ಕೂಗುತ್ತದೆ, ದೀಪ ಹತ್ತುತ್ತದೆ. ಅತ್ತೆ ನಿದ್ದೆಯಲ್ಲಿ ಕೈ ಮಡಚಿದರೆ ಸಾಕು, ಕೂಗು. ಅಲ್ಲಿಯ ಸಿಸ್ಟರ್ ಬಂದು ಒಂದು ಗುಂಡಿ ಒತ್ತಿ ಸದ್ದು ಅಡಗಿಸುತ್ತಾಳೆ. ಆಮೇಲೆ ಹೋಗಿಬಿಡುವುದಿಲ್ಲ. ಕೊಳವೆ ಎಲ್ಲಾದರೂ ಮಡಿಚಿದೆಯೇ ಎಂದು ಸೂಜಿಯಿಂದ ಯಂತ್ರದವರೆಗೆ ಬೆರಳಾಡಿಸುತ್ತಾಳೆ. ಮೊದಲು ಕೊಳವೆ, ಆಮೇಲೆ ಸೂಜಿ, ಆಮೇಲೆ ಸೋಸುವ ಫಿಲ್ಟರು. ಪ್ರತಿ ಸಲವೂ ಅದೇ ಕ್ರಮ. "ಕೂಗು ನಿಲ್ಲಿಸಿ ನಾನು ಹಂಗೇ ಹೋದ್ರ, ಮತ್ತ ಕೂಗತೈತ್ರಿ ಟೀಚರ್" ಎಂದು ಒಮ್ಮೆ ಹೇಳಿದಳು. "ಕೂಗದಂಗ ಮಾಡಕ್ಕ ಬರತೈತಿ?" ಎಂದೆ. ನನ್ನನ್ನು ವಿಚಿತ್ರವಾಗಿ ನೋಡಿದಳು.

ಅದೇ ಸಿಸ್ಟರಿನ ತಂದೆ ಹಳೆಯ ಮಿಸ್ತ್ರಿಯೊಬ್ಬರ ಗುರುತು ಹೇಳಿದರು. ಸಿಂಧನೂರೆಂದರೆ ಭತ್ತ, ಭತ್ತವೆಂದರೆ ಟ್ರ್ಯಾಕ್ಟರು, ಟ್ರ್ಯಾಕ್ಟರೆಂದರೆ ಅದನ್ನು ಬಿಚ್ಚಿ ಜೋಡಿಸುವ ಶೆಡ್ಡುಗಳು. ಅಂಥದೊಂದು ಶೆಡ್ಡಿನಲ್ಲಿ, ಕನ್ನಡಕಕ್ಕೆ ದಾರ ಕಟ್ಟಿಕೊಂಡ, ಎಪ್ಪತ್ತರ ಹತ್ತಿರದ ಅಜ್ಜ. ಅವರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ಯಾರಿಗೂ ಫೋನ್ ಹಚ್ಚಲು ಹೇಳಲಿಲ್ಲ. "ಸದ್ದು ಏನಾರ ಬರತೈತೇನ್ರಿ?" ಎಂದರು. ಅತ್ತೆಗೆ ಕೇಳಿಸಿದ ಸದ್ದನ್ನು ಹೇಳಿದೆ. ಒಣ ಬೀಸುಕಲ್ಲು ತಿರುವಿದಂತೆ, ಏರು ಹತ್ತುವಾಗ ಕೆಳಗಿನಿಂದ. ಅಜ್ಜ ತಲೆಯಾಡಿಸಿದರು. ಮೇಲಿನಿಂದ ಟಿಕ್ ಟಿಕ್ ಎಂದರೆ ವಾಲ್ವಿನ ಕಡೆಯದು, ಹೆದರಿಕೆ ಕಡಿಮೆ. ಕೆಳಗಿನಿಂದ ಕುಟ್ಟಿದರೆ ಬೇರಿಂಗು. "ಮುದುಕಿ ಕಿವಿ ಚಲೋ ಐತ್ರಿ" ಎಂದು ಮೆಚ್ಚಿದರು.

ಅವರ ಕ್ರಮ ನೋಡಿ. ಮೊದಲು ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಿದರು. ಆಮೇಲೆ ಅದನ್ನು ಮೂಗಿಗೆ ಹಿಡಿದರು. ಪೆಟ್ರೋಲು ಬೆರೆತಿದ್ದರೆ ವಾಸನೆ ಬರುತ್ತದೆ, ಬೆರೆತ ಎಣ್ಣೆ ನೀರಾಗುತ್ತದೆ. ಬೆರಳ ನಡುವೆ ತಿಕ್ಕಿದರು, ಮರಳಿನಂತೆ ತಾಗುತ್ತದೆಯೇ ಎಂದು. ಕಿತ್ತಿಟ್ಟ ತಂತಿಯ ಟೇಪು ಬಿಚ್ಚಿ, ಕೀಲಿ ತಿರುವಿಸಿ, ತುದಿಯನ್ನು ಎಂಜಿನ್ನಿನ ಮೈಗೆ ತಾಗಿಸಿದರು. ಗಿಂಡಿ ಹತ್ತಿತು. ತೆಗೆದರು, ಆರಿತು. "ದೀಪದ್ದು ತಪ್ಪಿಲ್ರಿ" ಎಂದರು. ಆಮೇಲೆ ಸ್ವಿಚ್ಚು ಬಿಚ್ಚಿ, ಅದೇ ತೂತಿಗೆ ಒಂದು ಗೇಜು ತಿರುಪಿದರು. ಅಂಗೈಯಗಲದ ಗಡಿಯಾರದಂಥದ್ದು, ಗಾಜು ಸೀಳಿದ್ದು. ಎಂಜಿನ್ ಶುರು ಮಾಡಿಸಿದರು. ತಣ್ಣಗಿದ್ದಾಗ ಮುಳ್ಳು ಮೂವತ್ತರ ಮೇಲೆ ನಿಂತಿತು, ಆದರೆ ನಡುಗುತ್ತಿತ್ತು. ಕಾಲು ತಾಸಿನಲ್ಲಿ ಎಂಜಿನ್ ಬಿಸಿಯಾದಾಗ, ನಿಂತಲ್ಲಿ ನಾಲ್ಕು. ಓಡುವ ವೇಗಕ್ಕೆ ತಂದರೆ ಹದಿನೈದು. ನಮ್ಮ ಕಾರಿನಲ್ಲಿ ಸುತ್ತು ಎಣಿಸುವ ಮುಳ್ಳಿಲ್ಲ. ಅಜ್ಜ ಕಿವಿಯಿಂದಲೇ ಎರಡು ಸಾವಿರ ಎಂದರು. ಸಾವಿರ ಸುತ್ತಿಗೆ ಹತ್ತು ಪೌಂಡಾದರೂ ಇರಬೇಕು ಎಂಬುದು ಮಿಸ್ತ್ರಿಗಳ ಹಳೆಯ ಲೆಕ್ಕ. ಎಲ್ಲ ಎಂಜಿನ್ನಿಗೂ ಹೊಂದದಿದ್ದರೂ ಅಂದಾಜಿಗೆ ಸಾಕು.

ಮಸ್ಕಿಯವರಾದ ನಮಗೆ ಊರಿನ ಹೆಮ್ಮೆ ಹೇಳಿಕೊಳ್ಳಲು ಒಂದು ಅವಕಾಶ ಸಿಕ್ಕರೆ ಬಿಡುವುದಿಲ್ಲ. ದೇಶದ ತುಂಬ ಬಂಡೆಗಳ ಮೇಲೆ 'ದೇವಾನಾಂಪಿಯ ಪಿಯದಸಿ' ಎಂದು ಬರೆಸಿಕೊಂಡ ರಾಜ ಯಾರು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿ ಓದಿದ ಮೇಲೆ, ಸಿಂಹಳದ ಗ್ರಂಥಗಳ ಸಹಾಯದಿಂದ ಅಶೋಕನಿರಬೇಕು ಎಂದು ಪಂಡಿತರು ಹೇಳಿದ್ದರು. ಬಂಡೆಯೇ ಹೆಸರು ಹೇಳಿದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ. ಬಂಗಾರದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಇದನ್ನು ಪ್ರತಿ ವರ್ಷ ಮಕ್ಕಳನ್ನು ಬಂಡೆಯ ಬಳಿಯೇ ನಿಲ್ಲಿಸಿ ಹೇಳುತ್ತೇನೆ. ಆ ಶೆಡ್ಡಿನಲ್ಲಿ ನಾಲ್ಕರ ಮೇಲೆ ನಿಂತ ಮುಳ್ಳನ್ನು ನೋಡುವಾಗ ಅದು ನೆನಪಾಯಿತು. ಮೂರು ವಾರ ಎಲ್ಲರೂ ಇರಬೇಕು, ಇರಬಹುದು ಎಂದದ್ದಾಗಿತ್ತು. ಒಂದು ಅಂಕಿ ಯಾರೂ ಕೊಟ್ಟಿರಲಿಲ್ಲ.

"ಮುಳ್ಳು ನಡಗತೈತಿ ನೋಡ್ರಿ, ಪಂಪಿಗೆ ಎಣ್ಣಿ ಸರಿಯಾಗಿ ಸಿಗವಲ್ದು" ಎಂದರು ಅಜ್ಜ. ಚೇಂಬರು ಇಳಿಸಬೇಕು. ನಾಳೆ ಬನ್ನಿ ಎಂದರು. ನಾನು ಶಾಲೆಗೆ ಒಂದು ದಿನದ ರಜೆ ಹಾಕಿ ಎದುರಿಗೇ ಕೂತೆ. ಚೇಂಬರು ಇಳಿದಾಗ ಅದರ ತಳದಲ್ಲಿ ಕಪ್ಪನೆಯ ಜಿಡ್ಡು, ಬಾಣಲೆಯ ತಳದಲ್ಲಿ ಕರಿದೆಣ್ಣೆ ಹೆಪ್ಪುಗಟ್ಟಿದಂತೆ. ಪಂಪು ಹೀರುವ ಜಾಲರಿಯ ಅರ್ಧಕ್ಕೂ ಹೆಚ್ಚು ಮುಚ್ಚಿತ್ತು. ಮುಚ್ಚಿದ್ದು ಬರೀ ಜಿಡ್ಡಲ್ಲ. ಅಜ್ಜ ಇಕ್ಕಳದಿಂದ ಎಳೆದು ನನ್ನ ಅಂಗೈಗೆ ಹಾಕಿದರು. ರಬ್ಬರಿನಂಥ ಬೂದು ಬಣ್ಣದ ಎಳೆಗಳು, ಶ್ಯಾವಿಗೆಯಂತೆ. ಹಿಂದೆ ಯಾವಾಗಲೋ ಯಾರೋ ಚೇಂಬರು ಬಿಚ್ಚಿ ಮತ್ತೆ ಕೂಡಿಸುವಾಗ ಸೋರದಿರಲೆಂದು ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಬಳಿದಿದ್ದರು. ಹೊರಗೆ ಬಂದದ್ದನ್ನು ಒರೆಸಿದ್ದರು. ಒಳಗೆ ಹಿಂಡಿಕೊಂಡು ಹೋದದ್ದು ವರ್ಷಗಟ್ಟಲೆ ಎಣ್ಣೆಯಲ್ಲಿ ತೇಲಿ ಜಾಲರಿಗೆ ಬಂದು ಕೂತಿತ್ತು. ಹೊರಗೆ ಒಂದು ಹನಿ ಸೋರಲಿಲ್ಲ, ಅದು ನಿಜ. ಇಂಥ ಜಾಲರಿಯ ಮೂಲಕ ಗಟ್ಟಿ ಎಣ್ಣೆಯನ್ನು ಹೀರಿಸಲು ಹೊರಟಿದ್ದೆವಲ್ಲ ಎಂದು ನನಗೆ ನಗು ಬಂತು. ಸೋಸುಬಟ್ಟೆ ಕಟ್ಟಿದ ತಪ್ಪಲೆಯಿಂದ ಸಾರು ಬರುತ್ತಿಲ್ಲವೆಂದು ಸಾರನ್ನು ಇನ್ನಷ್ಟು ಗಟ್ಟಿ ಮಾಡಿದ ಹಾಗೆ.

ಎಣ್ಣೆ ಕಡಿಮೆ ಮುಟ್ಟಿದ್ದರ ಫಲ ಬೇರಿಂಗಿನಲ್ಲಿ ಕಂಡಿತು. ಮೂರು ಕನೆಕ್ಟಿಂಗ್ ರಾಡಿನ ಬೇರಿಂಗುಗಳಲ್ಲಿ ಎರಡು ಬೂದು ಬಣ್ಣದಲ್ಲೇ ಇದ್ದವು. ಮೂರನೆಯದರಲ್ಲಿ ಮೇಲಿನ ಪದರ ಸವೆದು ತಾಮ್ರ ಇಣುಕಿತ್ತು. ಅತ್ತೆ ಕೇಳಿದ ಬೀಸುಕಲ್ಲು ಅದು. ಕ್ರ್ಯಾಂಕಿನ ಮೇಲೆ ಅಜ್ಜ ಉಗುರು ಎಳೆದು ನೋಡಿದರು. ಉಗುರಿಗೆ ಗೀರು ತಾಗಲಿಲ್ಲ. "ಬಚಾವ್ ಆಗೇತ್ರಿ. ಇನ್ನೊಂದು ತಿಂಗಳು ಆ ತಂತಿ ಕಿತ್ತಿಟ್ಟು ಓಡ್ಸಿದ್ರ ಕ್ರ್ಯಾಂಕೂ ಹೋಗ್ತಿತ್ತು, ನೀವೂ ದಾರ್‍ಯಾಗ ನಿಲ್ತಿದ್ರಿ" ಎಂದರು. ನಮ್ಮ ಕಡೆ ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿಯಿತು ಎನ್ನುತ್ತಾರೆ. ಇಲ್ಲಿ ಗಾಣ ಮುರಿಯುವ ಹೊತ್ತಿಗೆ ಎಣ್ಣೆ ಬಂತು.

ಹೊಸ ಬೇರಿಂಗು, ಹೊಸ ಜಾಲರಿ, ಫಿಲ್ಟರು, ಪಂಪಿನ ಹಲ್ಲುಗಳ ನಡುವಿನ ಸಂದನ್ನು ತೆಳುವಾದ ಉಕ್ಕಿನ ಪಟ್ಟಿಗಳಿಂದ ಅಳೆದದ್ದು, ಚೇಂಬರು ತೊಳೆದದ್ದು, ಕಂಪನಿ ಹೇಳಿದ ದರ್ಜೆಯ ಎಣ್ಣೆ, ಕೈಗೂಲಿ, ಎಲ್ಲ ಸೇರಿ ಏಳು ಸಾವಿರದ ಎಂಟುನೂರ ಐವತ್ತು. ಮೊದಲ ಗ್ಯಾರೇಜಿನ ಮಾಲಕರು ಇಡೀ ಎಂಜಿನ್ ಬಿಚ್ಚಬೇಕಾದೀತು, ನಲವತ್ತು ಸಾವಿರ ಹಿಡಿಯಿರಿ, ಅದರ ಬದಲು ಮಾರಿಬಿಡಿ ಎಂದಿದ್ದರು. ಗಿರಾಕಿಯನ್ನೂ ಅವರೇ ನೋಡಿಟ್ಟಿದ್ದರು.

ಜೋಡಿಸಿದ ಮೇಲೆ ಮತ್ತೆ ಗೇಜು ಹಚ್ಚಿ ಕಾಲು ತಾಸು ಬಿಸಿ ಮಾಡಿದರು. ನಿಂತಲ್ಲಿ ಹದಿನಾರು, ಓಡುವ ವೇಗದಲ್ಲಿ ಮೂವತ್ತಾರು. ಮುಳ್ಳು ನಡುಗಲಿಲ್ಲ. ಸ್ವಿಚ್ಚು ತಿರುಪಿ, ತಂತಿ ಕೂಡಿಸಿ, ಕೀಲಿ ತಿರುವಲು ಹೇಳಿದರು. ಗಿಂಡಿ ಹತ್ತಿತು. ಶುರು ಮಾಡಿದೆ, ಎರಡೆಣಿಸುವಷ್ಟರಲ್ಲಿ ಆರಿತು. "ದಿನಾ ಇಷ್ಟು ನೋಡ್ರಿ ಅಕ್ಕೋರೆ" ಎಂದರು. ನಾನು ಆ ಗೇಜನ್ನು ಡ್ಯಾಶ್‌ಬೋರ್ಡಿಗೆ ಕಾಯಂ ಕೂಡಿಸಿಕೊಡಿ ಎಂದೆ. ಅಷ್ಟು ಹೊತ್ತು ಏನೂ ಆಶ್ಚರ್ಯಪಡದ ಅಜ್ಜ ಅದಕ್ಕೆ ಕನ್ನಡಕ ತೆಗೆದು ಒರೆಸಿಕೊಂಡರು. ಲಾರಿಯವರು ಕೇಳುತ್ತಾರೆ, ಟೀಚರು ಕೇಳಿದ್ದಿಲ್ಲ. ಮುಂದಿನ ಶನಿವಾರ ಬೇರೊಂದು ಸಣ್ಣ ಗೇಜು ತಂದು, ಒಂದು ಕವಲು ತಿರುಪಿ, ಸ್ವಿಚ್ಚು ಗೇಜು ಎರಡೂ ಇರುವಂತೆ ಕೂಡಿಸಿದರು.

ಎಲ್ಲವೂ ಸರಿಹೋಗಿದೆ ಎಂದಲ್ಲ. ಬೆಳಿಗ್ಗೆ ಶುರು ಮಾಡಿದಾಗ ಹಿಂದೆ ತುಸು ನೀಲಿ ಹೊಗೆ ಬರುತ್ತದೆ. ವಾಲ್ವಿನ ಸೀಲುಗಳು ಗಟ್ಟಿಯಾಗಿವೆ, ಪಿಸ್ಟನ್ ರಿಂಗುಗಳೂ ಹಳೆಯವು. ತಿಂಗಳಿಗೆ ಕಾಲು ಲೀಟರು ಎಣ್ಣೆ ಕುಡಿಯುತ್ತದೆ. ಇನ್ನೆರಡು ವರ್ಷ ಎಳೆಯಬಹುದು ಎನ್ನುತ್ತಾರೆ ಅಜ್ಜ. 2029ಕ್ಕೆ ನೋಂದಣಿಯ ಅವಧಿ ಮುಗಿಯುತ್ತದೆ. ಇಪ್ಪತ್ತು ವರ್ಷ ದಾಟಿದ ಕಾರುಗಳ ಶುಲ್ಕವನ್ನು 2025ರಲ್ಲಿ ಹತ್ತು ಸಾವಿರಕ್ಕೆ ಏರಿಸಿದ್ದಾರೆ. ಆ ಮಾತು ಆಗ.

ಬುಧವಾರದ ರಾತ್ರಿಗಳು ಮತ್ತೆ ನಮ್ಮವಾಗಿವೆ. ಅತ್ತೆ ಈಗ ಮುಂದಿನ ಸೀಟಿಗೆ ಬಂದಿದ್ದಾರೆ, ಮುಳ್ಳು ಕಾಣಲಿ ಎಂದು. ನಾನು ಒಂದು ನೋಟ್‌ಬುಕ್ಕು ಇಟ್ಟಿದ್ದೇನೆ. ಎಡಗಡೆಯ ಪುಟದಲ್ಲಿ ಅತ್ತೆಯ ಬಿ.ಪಿ., ತೂಕ, ಕುಡಿದ ನೀರು. ಬಲಗಡೆಯ ಪುಟದಲ್ಲಿ ಕಾರಿನ ಒತ್ತಡ, ಓಡಿದ ಕಿಲೋಮೀಟರು, ಹಾಕಿದ ಎಣ್ಣೆ. ಕಳೆದ ತಿಂಗಳು ಎಣ್ಣೆ ಬದಲಾಯಿಸಲು ಹೋದಾಗ ಅಜ್ಜನಿಗೆ ಕೊಟ್ಟೆ. ಅವರು ಬಲಪುಟವನ್ನು ಬೆರಳಿಟ್ಟು ಓದಿ, ಸರಿ ಐತಿ ಎಂದರು. ಆಮೇಲೆ ಎಡಪುಟಕ್ಕೆ ಬಂದು ನಿಂತರು. "ಇದರಾಗ 170 ಆಗೇತಲ್ರೀ, ಇದಕ್ಕ ಯಾವ ಮಿಸ್ತ್ರಿ ಅದಾನ್ರಿ?" ಅದು ಉಪ್ಪಿನಕಾಯಿ ತಿಂದ ದಿನದ್ದು ಎಂದೆ. ಕಾರಿನಲ್ಲಿ ಕೂತಿದ್ದ ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು.